ಆರು ಗಂಟೆ, ಐದು ಜನ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)



ಇವತ್ತಿನ ಮಾತಿನ ಹೆಸರು 'ಆರು ಗಂಟೆ, ಐದು ಜನ'. ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಆರು ಗಂಟೆ ಅಂದ್ರೆ ಟೈಮ್ ಅಲ್ಲ. ನಿಜವಾದ ಗಂಟೆಗಳು, ಕಂಚಿನವು. ಇಂಗ್ಲೆಂಡಿನ ಒಂದು ಹಳ್ಳಿ ಚರ್ಚಿನ ಗೋಪುರದಲ್ಲಿ ತೂಗಿರೋ ಆರು ಗಂಟೆಗಳು. ಅವನ್ನ ಬಾರಿಸೋಕೆ ಆರು ಜನ ಬೇಕು. ನಾನು ಅಲ್ಲಿಗೆ ಹೋದಾಗ ಇದ್ದದ್ದು ಐದೇ ಜನ.

ನಾನು ತಿಪಟೂರು ಕಡೆಯವನು. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ, ಒಂದು ವರ್ಷದ ಮಾಸ್ಟರ್ಸ್ ಓದೋಕೆ ಇಂಗ್ಲೆಂಡಿಗೆ ಹೋದೆ. ಊರ ಹೆಸರು ಲಫ್‌ಬರಾ. ಸ್ಪೆಲಿಂಗ್ ನೋಡಿ ನಾನು 'ಲೌಗ್‌ಬೊರೋಗ್' ಅಂತ ಓದಿದ್ದೆ. ವೀಸಾ ಏಜೆಂಟೂ ಹಾಗೇ ಓದಿದ್ರು. ಅದು ಲೆಸ್ಟರ್ ಹತ್ತಿರದ ಸಣ್ಣ ಪಟ್ಟಣ. ಓದೋಕೆ ಬಂದವರಿಗೆ ಅದು ಯೂನಿವರ್ಸಿಟಿ ಊರು, ಆದರೆ ಗಂಟೆಗಳ ಲೋಕದಲ್ಲಿ ಅದರ ಹೆಸರು ಬೇರೆ ತರ. ಟೇಲರ್ ಅನ್ನೋ ಕುಟುಂಬ 1839ರಲ್ಲಿ ಅಲ್ಲಿಗೆ ಬಂದು ಗಂಟೆ ಎರಕ ಹೊಯ್ಯೋ ಕೆಲಸ ಶುರುಮಾಡಿತು. ಆ ಕಾರ್ಖಾನೆ ಇವತ್ತಿಗೂ ಇದೆ. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿರೋ 'ಗ್ರೇಟ್ ಪಾಲ್' ಅನ್ನೋ ಗಂಟೆ, 16 ಟನ್‌ಗಿಂತ ಹೆಚ್ಚು ತೂಕದ್ದು, ಅಲ್ಲೇ 1881ರಲ್ಲಿ ಎರಕ ಹೊಯ್ದದ್ದು.

ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಹೋದ ಹೊಸದರಲ್ಲಿ ನನಗೆ ಗೊತ್ತಿದ್ದದ್ದು ಒಂದೇ. ಸಂಜೆ ಐದಕ್ಕೆ ಕತ್ತಲಾಗುತ್ತೆ, ಅಮ್ಮನಿಗೆ ಫೋನ್ ಮಾಡೋಣ ಅಂದ್ರೆ ಅಲ್ಲಿ ರಾತ್ರಿ ಆಗಿರುತ್ತೆ, ಮತ್ತು ಇಡೀ ದಿನ ನನ್ನ ಹತ್ರ ಮಾತಾಡಿದವರು ಅಂದ್ರೆ ಸೂಪರ್ ಮಾರ್ಕೆಟ್ಟಿನ ಸೆಲ್ಫ್ ಚೆಕ್‌ಔಟ್ ಮಷಿನ್. ಬಾಡಿಗೆ ಕಮ್ಮಿ ಅಂತ ನಾನು ಪಟ್ಟಣದ ಹೊರಗೆ, ಒಂದು ಹಳ್ಳಿಯಲ್ಲಿ ರೂಮ್ ಹಿಡಿದಿದ್ದೆ. ಅಲ್ಲಿ ಪ್ರತಿ ಬುಧವಾರ ರಾತ್ರಿ ಏಳೂವರೆಗೆ ಚರ್ಚಿನಿಂದ ಗಂಟೆ ಸದ್ದು ಕೇಳ್ತಿತ್ತು. ಒಂದೂವರೆ ಗಂಟೆ ಹೊತ್ತು. ಅದು ಹಾಡಲ್ಲ, ಟ್ಯೂನ್ ಅಂತೂ ಅಲ್ಲವೇ ಅಲ್ಲ. ಮೇಲಿನ ಸ್ವರದಿಂದ ಕೆಳಗಿನ ಸ್ವರಕ್ಕೆ ಇಳಿಯುತ್ತೆ, ಮತ್ತೆ ಇಳಿಯುತ್ತೆ, ಆಮೇಲೆ ಕ್ರಮ ಕಲಸಿಹೋಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಸರಿಹೋಗುತ್ತೆ. ಯಾರೋ ರೆಕಾರ್ಡಿಂಗ್ ಹಾಕಿರ್ತಾರೆ ಅಂದ್ಕೊಂಡಿದ್ದೆ.

ಹಾಗೆ ಅಂದ್ಕೊಳ್ಳೋಕೆ ಕಾರಣ ಇತ್ತು. ನಮ್ಮೂರ ಆಂಜನೇಯನ ಗುಡಿಯಲ್ಲಿ ನಾನು ಚಿಕ್ಕವನಿದ್ದಾಗ ಪ್ರತಿ ಶನಿವಾರ ಜಾಗಟೆ ಹೊಡೀತಿದ್ದೆ. ಮಂಗಳಾರತಿ ಶುರುವಾಗೋ ಹೊತ್ತಿಗೆ ಜಾಗಟೆ ಯಾರ ಕೈಗೆ ಸಿಗುತ್ತೆ ಅನ್ನೋದು ನಮ್ಮ ಹುಡುಗರಲ್ಲಿ ದೊಡ್ಡ ಜಗಳ. ನಾನು ಆರನೇ ಕ್ಲಾಸಿದ್ದಾಗ ಗುಡಿಗೆ ಮಷಿನ್ ಬಂತು. ನೀವೂ ನೋಡಿರ್ತೀರ. ಸ್ವಿಚ್ ಹಾಕಿದ್ರೆ ಮೋಟಾರ್ ತಿರುಗುತ್ತೆ, ನಗಾರಿ, ಜಾಗಟೆ, ಗಂಟೆ ಎಲ್ಲ ಒಟ್ಟಿಗೆ ಬಾರಿಸುತ್ತೆ. ಮೊದಲ ವಾರ ನಾವೆಲ್ಲ ಬಾಯಿ ಬಿಟ್ಕೊಂಡು ನೋಡಿದ್ವಿ. ಆಮೇಲೆ ಒಬ್ಬೊಬ್ಬರಾಗಿ ಹೋಗೋದು ಬಿಟ್ವಿ.

ಸರಿ, ಆ ಬುಧವಾರಕ್ಕೆ ಬರೋಣ. ಅಕ್ಟೋಬರ್, ಸಣ್ಣ ಮಳೆ. ಚರ್ಚಿನ ಪಕ್ಕದ ಸಣ್ಣ ಬಾಗಿಲು ತೆರೆದಿತ್ತು, ಒಳಗೆ ಲೈಟ್ ಇತ್ತು. ಒಬ್ಬರು ವಯಸ್ಸಾದ ಹೆಂಗಸು ಸೈಕಲ್ ಒರಗಿಸ್ತಾ ಇದ್ರು. ನಾನು, "ಈ ರೆಕಾರ್ಡಿಂಗ್ ಎಲ್ಲಿಂದ ಬರುತ್ತೆ?" ಅಂತ ಕೇಳಿದೆ. ಅವರು ನನ್ನನ್ನ ಅಡಿಯಿಂದ ಮುಡಿವರೆಗೆ ನೋಡಿ, "ಬಾ, ತೋರಿಸ್ತೀನಿ" ಅಂದ್ರು. ಅವರೇ ಆ ಗೋಪುರದ 'ಟವರ್ ಕ್ಯಾಪ್ಟನ್'. ಸ್ಕೂಲ್ ಟೀಚರ್ ಆಗಿದ್ದು ರಿಟೈರ್ ಆದವರು.

ಕಲ್ಲಿನ ಸುರುಳಿ ಮೆಟ್ಟಿಲು. ಒಂದು ಕಾಲಿಗೆ ಮಾತ್ರ ಜಾಗ. ಹಿಡ್ಕೊಳ್ಳೋಕೆ ಕಂಬಿ ಇಲ್ಲ, ಗೋಡೆಗೆ ಕಟ್ಟಿದ ಹಗ್ಗ. ನಲವತ್ತು ಮೆಟ್ಟಿಲು ಹತ್ತಿದ್ರೆ ಒಂದು ಚೌಕದ ಕೋಣೆ. ಮೇಲಿನ ಛಾವಣಿಯಿಂದ ಆರು ಹಗ್ಗ, ವೃತ್ತಾಕಾರದಲ್ಲಿ ಇಳಿಬಿದ್ದಿವೆ. ಪ್ರತಿ ಹಗ್ಗಕ್ಕೂ ಒಂದು ಕಡೆ ಕೆಂಪು, ಬಿಳಿ, ನೀಲಿ ಉಣ್ಣೆಯ ದಪ್ಪ ಹಿಡಿಕೆ. ಅದಕ್ಕೆ 'ಸ್ಯಾಲಿ' ಅಂತಾರೆ. ಗೋಡೆ ಮೇಲೆ ಮರದ ಫಲಕಗಳು, ನೂರು ವರ್ಷದ ಹಿಂದೆ ಯಾರು ಯಾವ ಗಂಟೆಯನ್ನ ಎಷ್ಟು ಹೊತ್ತು ಬಾರಿಸಿದ್ರು ಅಂತ ಬಣ್ಣದಲ್ಲಿ ಬರೆದದ್ದು. ಮೂಲೆಯಲ್ಲಿ ಎಲೆಕ್ಟ್ರಿಕ್ ಕೆಟಲ್, ಬಿಸ್ಕೆಟ್ ಡಬ್ಬ. ಐದು ಜನ ಸ್ವೆಟರ್ ಹಾಕ್ಕೊಂಡು ನಿಂತಿದ್ರು. ಐದು ಹಗ್ಗ ಕೆಳಗಿತ್ತು. ಆರನೇದನ್ನ ಸುತ್ತಿ ಗೋಡೆಯ ಗೂಟಕ್ಕೆ ನೇತುಹಾಕಿದ್ರು.

ಗಂಟೆಗಳು ಇನ್ನೂ ಬಾಯಿ ಕೆಳಗೆ ಮಾಡಿ ಸುಮ್ಮನಿದ್ದ ಕಾರಣ ಕ್ಯಾಪ್ಟನ್ ನನ್ನನ್ನ ಇನ್ನೂ ಮೇಲಿನ ಅಂತಸ್ತಿಗೆ ಕರ್ಕೊಂಡು ಹೋದ್ರು. ಬಾರಿಸೋಕೆ ಸಿದ್ಧವಾದ ಮೇಲೆ ಅಲ್ಲಿಗೆ ಯಾರೂ ಹೋಗಬಾರದು, ಪ್ರಾಣಕ್ಕೆ ಅಪಾಯ. ಯಾಕೆ ಅಂತ ಅರ್ಥ ಆಗ್ಬೇಕಾದ್ರೆ ಗಂಟೆ ಹೇಗೆ ಕೂತಿದೆ ಅಂತ ತಿಳ್ಕೊಳ್ಳಿ.

ನಮ್ಮ ಗುಡಿ ಗಂಟೆ ನೇತಾಡುತ್ತೆ, ನಾವು ಅದರ ನಾಲಿಗೆ ಹಿಡಿದು ಹೊಡೀತೀವಿ. ಅಲ್ಲಿ ಹಾಗಲ್ಲ. ಪ್ರತಿ ಗಂಟೆಗೂ ಪಕ್ಕದಲ್ಲಿ ಎತ್ತಿನಗಾಡಿ ಚಕ್ರದಷ್ಟು ದೊಡ್ಡ ಮರದ ಚಕ್ರ. ಹಗ್ಗ ಆ ಚಕ್ರಕ್ಕೆ ಸುತ್ತಿರುತ್ತೆ. ಬಾರಿಸೋ ಮೊದಲು ಗಂಟೆಯನ್ನ ಸ್ವಲ್ಪ ಸ್ವಲ್ಪವಾಗಿ ತೂಗಿ ತೂಗಿ ಬಾಯಿ ಆಕಾಶಕ್ಕೆ ಬರೋ ಹಾಗೆ ನಿಲ್ಲಿಸ್ತಾರೆ. ಆಮೇಲೆ ಹಗ್ಗ ಒಂದು ಸಲ ಎಳೆದ್ರೆ ಗಂಟೆ ಇಡೀ ಒಂದು ಸುತ್ತು ತಿರುಗಿ ಮತ್ತೆ ಬಾಯಿ ಮೇಲೆ ಮಾಡಿ ನಿಲ್ಲುತ್ತೆ, ಆ ತಿರುಗುವಿಕೆಯಲ್ಲಿ ಒಂದೇ ಒಂದು ಸಲ ಸದ್ದು. ಇನ್ನೊಂದು ಸಲ ಎಳೆದ್ರೆ ವಾಪಸ್ ಒಂದು ಸುತ್ತು, ಮತ್ತೆ ಒಂದು ಸದ್ದು. ಆ ಗೋಪುರದ ದೊಡ್ಡ ಗಂಟೆ 500 ಕಿಲೋಗಿಂತ ಹೆಚ್ಚು, ಅಂದ್ರೆ ಖಾಲಿ ಆಟೋಗಿಂತ ಭಾರ. ಅದು ತಲೆಕೆಳಗಾಗಿ ನಿಂತಿರುತ್ತೆ, ಕೆಳಗೆ ಒಬ್ಬ ಮನುಷ್ಯ ಒಂದು ಹಗ್ಗ ಹಿಡಿದು ನಿಂತಿರ್ತಾನೆ.

ಇಂಗ್ಲೆಂಡಿನಲ್ಲಿ ಹೀಗೆ ಗಂಟೆ ಕಟ್ಟಿರೋ ಗೋಪುರಗಳು ಐದು ಸಾವಿರಕ್ಕೂ ಹೆಚ್ಚಿವೆ. ಇದು ಆ ದೇಶದ್ದೇ ವಿದ್ಯೆ, ಹೊರಗೆ ಅಪರೂಪ. ಭಾರತದಲ್ಲಿ ಪುಣೆಯ ಪಂಚ್ ಹೌದ್‌ನ ಹೋಲಿ ನೇಮ್ ಚರ್ಚಿನಲ್ಲಿ ಇಂಥ ಎಂಟು ಗಂಟೆಗಳಿವೆ.

ಈಗ ಆ ಕಲಸಿಹೋದ ಸದ್ದಿನ ಗುಟ್ಟಿಗೆ ಬರೋಣ. ಇಷ್ಟು ಭಾರದ ಗಂಟೆ ಒಂದು ಸುತ್ತು ತಿರುಗೋಕೆ ಸುಮಾರು ಎರಡು ಸೆಕೆಂಡ್ ತಗೊಳ್ಳುತ್ತೆ. ಅದನ್ನ ಮೇಲೆ ಸ್ವಲ್ಪ ತಡೆದು ನಿಲ್ಲಿಸಬಹುದು, ಅಥವಾ ಸ್ವಲ್ಪ ಬೇಗ ಇಳಿಸಬಹುದು. ಅಷ್ಟೇ. ಹಾಗಾಗಿ ಹಾಡು ನುಡಿಸೋಕೆ ಆಗಲ್ಲ. ಆದರೆ ಪಕ್ಕದ ಗಂಟೆಯ ಜೊತೆ ಜಾಗ ಬದಲಾಯಿಸೋಕೆ ಆಗುತ್ತೆ. ಮನಸ್ಸಲ್ಲೇ ಬರ್ಕೊಳ್ಳಿ. ಮೊದಲ ಸಾಲು 1 2 3 4 5 6. ಮುಂದಿನ ಸಾಲಿನಲ್ಲಿ ಜೋಡಿಗಳು ಜಾಗ ಬದಲಾಯಿಸ್ತವೆ, 2 1 4 3 6 5. ಅದರ ಮುಂದಿನದು 2 4 1 6 3 5. ಹೀಗೆ ಹೋಗಿ ಹೋಗಿ ಹನ್ನೆರಡನೇ ಬದಲಾವಣೆಗೆ ಮತ್ತೆ 1 2 3 4 5 6ಕ್ಕೆ ಬಂದು ನಿಲ್ಲುತ್ತೆ. ಇದು ಎಲ್ಲಕ್ಕಿಂತ ಸುಲಭದ ಪಾಠ. ನಿಯಮ ಏನಂದ್ರೆ ಒಂದು ಸಾಲಿನಲ್ಲಿ ಪ್ರತಿ ಗಂಟೆಗೂ ಒಂದೇ ಸದ್ದು, ಒಂದು ಸಲಕ್ಕೆ ಒಂದೇ ಜಾಗ ಸರಿಯಬಹುದು, ಬಾರಿಸಿದ ಸಾಲನ್ನ ಮತ್ತೆ ಬಾರಿಸಬಾರದು. ಎದುರಿಗೆ ಕಾಗದ ಇರಲ್ಲ. ಎಲ್ಲ ತಲೆಯಲ್ಲೇ.

ಇಂಗ್ಲಿಷ್‌ನವರು ಇದನ್ನ ಹದಿನೇಳನೇ ಶತಮಾನದಲ್ಲೇ ಶಾಸ್ತ್ರ ಮಾಡಿಕೊಂಡ್ರು. 'ಟಿಂಟಿನಾಲೊಜಿಯಾ' ಅನ್ನೋ ಮೊದಲ ಪುಸ್ತಕ ಬಂದದ್ದು 1668ರಲ್ಲಿ. ಆದರೆ ಈ ಲೆಕ್ಕ ನಮಗೆ ಹೊಸದಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ 'ಲೀಲಾವತಿ'ಯಲ್ಲಿ ಒಂದು ಪ್ರಶ್ನೆ ಇದೆ. ವಿಷ್ಣುವಿನ ನಾಲ್ಕು ಕೈಯಲ್ಲಿ ಶಂಖ, ಚಕ್ರ, ಗದೆ, ಪದ್ಮ ಇವನ್ನ ಅದಲು ಬದಲು ಮಾಡಿದ್ರೆ ಎಷ್ಟು ಮೂರ್ತಿ ಆಗುತ್ತೆ? ಉತ್ತರ 24. ಕೇಶವ, ನಾರಾಯಣ, ಮಾಧವ ಅಂತ ಶುರುವಾಗೋ 24 ಹೆಸರುಗಳು ಇದ್ದಾವಲ್ಲ, ಆ ಮೂರ್ತಿಗಳಲ್ಲಿ ಯಾರು ಯಾರು ಅಂತ ಗುರುತು ಹಿಡಿಯೋದೇ ಹೀಗೆ, ಯಾವ ಕೈಯಲ್ಲಿ ಯಾವುದಿದೆ ಅಂತ ನೋಡಿ. ನಾಲ್ಕು ಗಂಟೆ ಇದ್ರೂ ಅದೇ 24 ಸಾಲು. ಐದು ಗಂಟೆಗೆ 120. ಆರಕ್ಕೆ 720. ಆರು ಗಂಟೆಯ ಅಷ್ಟೂ ಸಾಲು ಬಾರಿಸೋಕೆ ಸುಮಾರು ಅರ್ಧ ಗಂಟೆ ಸಾಕು. ಏಳು ಗಂಟೆಗೆ 5,040 ಸಾಲು, ಮೂರು ಗಂಟೆ ಹೊತ್ತು. ಎಂಟಕ್ಕೆ 40,320. ಇದನ್ನ 1963ರ ಜುಲೈನಲ್ಲಿ ಅದೇ ಲಫ್‌ಬರಾ ಕಾರ್ಖಾನೆಯ ಗೋಪುರದಲ್ಲಿ ಎಂಟು ಜನ ನಿಲ್ಲದೆ ಬಾರಿಸಿದ್ರು. 17 ಗಂಟೆ 58 ನಿಮಿಷ. ಯಾರೂ ಹಗ್ಗ ಇನ್ನೊಬ್ಬರ ಕೈಗೆ ಕೊಡಲಿಲ್ಲ.

ಇದೆಲ್ಲ ಕೇಳಿ ನನ್ನ ತಲೆ ತಿರುಗ್ತಾ ಇತ್ತು. ಆಗ ಕ್ಯಾಪ್ಟನ್ ಗೂಟದ ಮೇಲಿದ್ದ ಆರನೇ ಹಗ್ಗ ಬಿಚ್ಚಿ, "ಕಲೀತೀಯಾ?" ಅಂದ್ರು. ನಾನು ಕ್ರಿಶ್ಚಿಯನ್ ಅಲ್ಲ ಅಂದೆ. "ನಮ್ಮಲ್ಲೂ ಇಬ್ಬರು ಭಾನುವಾರ ಗಂಟೆ ಬಾರಿಸಿ, ಪ್ರಾರ್ಥನೆ ಶುರುವಾಗೋ ಮೊದಲೇ ಮನೆಗೆ ಹೋಗ್ತಾರೆ" ಅಂತ ನಕ್ಕರು. ನಾನು ಇನ್ನೊಂದು ಮಾತು ಹೇಳ್ಲೇಬೇಕಿತ್ತು. "ನಾನು ಇಲ್ಲಿರೋದು ಒಂದೇ ವರ್ಷ." ಅದಕ್ಕವರು, "ಹಾಗಾದ್ರೆ ಇವತ್ತೇ ಶುರು ಮಾಡೋಣ" ಅಂದ್ರು.

ಹಗ್ಗ ಹಿಡಿಯೋದು ಕಲಿಯೋಕೇ ಹತ್ತು ಹದಿನೈದು ಗಂಟೆ ಬೇಕಾಗುತ್ತೆ. ನನಗೆ ಕೊಟ್ಟಿದ್ದು ಎಲ್ಲಕ್ಕಿಂತ ಚಿಕ್ಕ ಗಂಟೆ, 'ಟ್ರೆಬಲ್'. ಚಿಕ್ಕದು ಅಂದ್ರೆ ಬುಲೆಟ್ ಬೈಕಿಗಿಂತ ಭಾರ. ಕ್ಯಾಪ್ಟನ್ ನನ್ನ ಎದುರಿಗೇ ನಿಂತು, ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು, ಒಂದೇ ಎಳೆತವನ್ನ ನೂರಾರು ಸಲ ಮಾಡಿಸಿದ್ರು. ನಾನು ಜಿಮ್‌ಗೆ ಹೋಗೋನು, ಬಲ ಇದೆ ಅಂತ ಎಳೀತಿದ್ದೆ. ಎಳೆದಷ್ಟೂ ಕೆಡ್ತಿತ್ತು. ಅವರ ಮೈತೂಕ ಐವತ್ತು ಕಿಲೋ ಇರಬಹುದು, ಎರಡು ಬೆರಳಲ್ಲಿ ಹಿಡಿದ ಹಾಗೆ ಹಿಡೀತಿದ್ರು. ಗಂಟೆ ಮೇಲೆ ಬಂದು ನಿಲ್ಲೋ ಕ್ಷಣ ಹಗ್ಗದಲ್ಲಿ ಗೊತ್ತಾಗುತ್ತೆ, ಜೋಕಾಲಿ ತುದಿಗೆ ಹೋದಾಗ ಒಂದು ಕ್ಷಣ ತೂಕ ಇಲ್ಲದ ಹಾಗೆ ಆಗುತ್ತಲ್ಲ, ಹಾಗೆ. ಆ ಕ್ಷಣಕ್ಕೆ ಕಾಯಬೇಕು.

ಮೂರನೇ ವಾರ ನಾನು ಕಾಯಲಿಲ್ಲ. ಜೋರಾಗಿ ಎಳೆದೆ. ಮೇಲೆ 'ಫಟ್' ಅಂತ ಸದ್ದು. ಗಂಟೆ ಮಿತಿಮೀರಿ ತಿರುಗದ ಹಾಗೆ ತಡೆಯೋ ಒಂದು ಮರದ ತುಂಡು ಇರುತ್ತೆ, 'ಸ್ಟೇ' ಅಂತ. ಅದು ಮುರಿದುಹೋಯ್ತು. ಹಗ್ಗ ನನ್ನ ಕೈಯಿಂದ ಮೇಲಕ್ಕೆ ಹಾವಿನ ಹಾಗೆ ಓಡ್ತಾ ಇತ್ತು. "ಬಿಡು!" ಅಂತ ಕ್ಯಾಪ್ಟನ್ ಕೂಗಿದ್ರು. ಬಿಟ್ಟೆ. ಹಿಡಿದುಕೊಂಡೇ ಇದ್ದಿದ್ರೆ ಹಗ್ಗದ ಜೊತೆ ನಾನೂ ಛಾವಣಿ ಕಡೆ ಹೋಗ್ತಿದ್ದೆ. ನನ್ನ ಕೈಕಾಲು ನಡುಗ್ತಿತ್ತು. ಶತಮಾನಗಳ ಹಳೆಯ ಚರ್ಚಿನ ಆಸ್ತಿ ಮುರಿದೆ, ಇನ್ನು ನನ್ನನ್ನ ಬರಬೇಡ ಅಂತಾರೆ ಅಂದ್ಕೊಂಡೆ. ಅವರಲ್ಲೊಬ್ಬರು ಕೆಟಲ್ ಆನ್ ಮಾಡಿದ್ರು. ಇನ್ನೊಬ್ಬರು, "ಅದು ಮುರಿಯೋದಕ್ಕೇ ಇರೋದು, ಮನೆಯಲ್ಲಿ ಫ್ಯೂಸ್ ಇದ್ದ ಹಾಗೆ" ಅಂದ್ರು. ಆಮೇಲೆ ಒಬ್ಬೊಬ್ಬರಾಗಿ ತಾವು ಯಾವಾಗ ಮುರಿದಿದ್ದು ಅಂತ ಹೇಳೋಕೆ ಶುರು ಮಾಡಿದ್ರು. ಮುಂದಿನ ಬುಧವಾರದ ಹೊತ್ತಿಗೆ ಹೊಸ ತುಂಡು ಕೂತಿತ್ತು.

ನವೆಂಬರ್‌ನಲ್ಲಿ ಯುದ್ಧದಲ್ಲಿ ಸತ್ತವರನ್ನ ನೆನೆಯೋ ಭಾನುವಾರ ಬರುತ್ತೆ. ಆ ದಿನ ಗಂಟೆಯ ನಾಲಿಗೆಗೆ ಒಂದು ಬದಿ ಮಾತ್ರ ತೊಗಲಿನ ಪಟ್ಟಿ ಕಟ್ತಾರೆ. ಒಂದು ಸಾಲು ಗಟ್ಟಿಯಾಗಿ ಕೇಳುತ್ತೆ, ಮುಂದಿನ ಸಾಲು ದೂರದಿಂದ ಬಂದ ಮಾರ್ದನಿ ತರ. ಮೊದಲ ಮಹಾಯುದ್ಧದಲ್ಲಿ ಗಂಟೆ ಬಾರಿಸೋರೇ 1,400ಕ್ಕೂ ಹೆಚ್ಚು ಜನ ಸತ್ತಿದ್ರು. ನೂರು ವರ್ಷ ಆದ ಮೇಲೆ, 2018ರಲ್ಲಿ, ಅವರ ಜಾಗಕ್ಕೆ 1,400 ಹೊಸಬರನ್ನ ಹುಡುಕಿ ಕಲಿಸೋ ಕೆಲಸ ದೇಶಾದ್ಯಂತ ನಡೆಯಿತು. ನಮ್ಮ ಗೋಪುರದ ಫಲಕದಲ್ಲಿದ್ದ ಒಬ್ಬರ ಹೆಸರು ಕೆಳಗೆ ಯುದ್ಧ ಸ್ಮಾರಕದ ಕಲ್ಲಿನ ಮೇಲೂ ಇತ್ತು. ಆ ದಿನ ನಾನಿನ್ನೂ ಬಾರಿಸೋಕೆ ಲಾಯಕ್ಕಾಗಿರಲಿಲ್ಲ. ಮೂಲೆಯಲ್ಲಿ ನಿಂತು ಐದು ಗಂಟೆ ಕೇಳಿದೆ. ನನ್ನ ಹಗ್ಗ ಗೂಟದ ಮೇಲಿತ್ತು. ಆರನೇ ಸದ್ದು ಬರಬೇಕಾದ ಜಾಗ ನನಗೆ ಮೊದಲ ಸಲ ಕೇಳಿಸಿದ್ದು ಅವತ್ತೇ.

ಮಾರ್ಚ್ ತಿಂಗಳ ಒಂದು ಭಾನುವಾರ ನನ್ನನ್ನ ಸೇರಿಸ್ಕೊಂಡ್ರು. ಟ್ರೆಬಲ್ ಬಾರಿಸೋರೇ ಶುರು ಅಂತ ಹೇಳಬೇಕು, ಅದು ಪದ್ಧತಿ. ಗಂಟಲು ಒಣಗಿತ್ತು. "ಲುಕ್ ಟು" ಅಂದೆ. ಐದೂ ಜನ ಹಗ್ಗ ಹಿಡಿದ್ರು. "ಟ್ರೆಬಲ್ಸ್ ಗೋಯಿಂಗ್..." ಅಂತ ನಿಧಾನಕ್ಕೆ ಎಳೆದೆ, "ಶೀ ಈಸ್ ಗಾನ್" ಅನ್ನೋ ಹೊತ್ತಿಗೆ ಮೇಲೆ ನನ್ನ ಗಂಟೆ ಉರುಳಿತು. ಹಿಂದೆಯೇ ಎರಡು, ಮೂರು, ನಾಲ್ಕು, ಐದು, ಆರು. ನಾನು ಎರಡು ಸಲ ತಡ ಮಾಡಿದೆ, ಒಂದು ಸಲ ಇನ್ನೊಬ್ಬರ ಮೇಲೆ ಬಿದ್ದೆ. ಕ್ಯಾಪ್ಟನ್ ಕಣ್ಣಲ್ಲೇ ಸರಿಮಾಡಿದ್ರು. ಹತ್ತು ನಿಮಿಷ ಆದ ಮೇಲೆ "ಸ್ಟ್ಯಾಂಡ್" ಅಂದ್ರು, ನಿಲ್ಲಿಸಿದ್ವಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಳಗಿನ ಹಳ್ಳಿಯಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಹೊರಗೆ ಬಂದಾಗ ನಾಯಿ ಹಿಡ್ಕೊಂಡು ಹೋಗ್ತಿದ್ದ ಒಬ್ಬರು ನಿಂತು, "ಇವತ್ತು ಆರೂ ಬಾರಿಸಿದ್ರಲ್ಲ" ಅಂದ್ರು. ಸಾಕಿತ್ತು.

ಸೆಪ್ಟೆಂಬರ್ ಬಂತು, ಕೋರ್ಸ್ ಮುಗೀತು. ಕೊನೆಯ ಬುಧವಾರ ನನಗೆ ನಿಜವಾಗ್ಲೂ ತಪ್ಪು ಮಾಡಿದ ಹಾಗೆ ಅನ್ನಿಸ್ತಿತ್ತು. ಇಷ್ಟು ಸಮಯ ಹಾಕಿ ಕಲಿಸಿದ್ರು, ನಾನು ಹೊರಟೆ. ಹಗ್ಗ ಮತ್ತೆ ಗೂಟಕ್ಕೆ ಹೋಗುತ್ತೆ. "ಒಂದು ವರ್ಷಕ್ಕೆ ಹೋಗೋನು ಅಂತ ಗೊತ್ತಿದ್ದೂ ಯಾಕೆ ಕಲಿಸಿದ್ರಿ?" ಅಂತ ಕೇಳಿಯೇ ಬಿಟ್ಟೆ. ಅವರು ಹಗ್ಗ ಸುತ್ತುತ್ತಾ ಹೇಳಿದ್ರು: "ಬೇಡ ಅಂದಿದ್ರೆ ಆ ವರ್ಷವೂ ಐದೇ ಇರ್ತಿತ್ತು. ಜನ ತಾವಾಗಿ ಬರಲ್ಲ. ಬಾಗಿಲು ತೆರೆದಿಟ್ಟು, ಹಗ್ಗ ಕೈಗೆ ಕೊಡಬೇಕು."

ಊರಿಗೆ ಬಂದ ಮೇಲೆ ಒಂದು ಶನಿವಾರ ಆಂಜನೇಯನ ಗುಡಿಗೆ ಹೋದೆ. ಐನೋರಿಗೆ ವಯಸ್ಸಾಗಿದೆ. ಮಂಗಳಾರತಿ ತಟ್ಟೆ ಒಂದು ಕೈಯಲ್ಲಿ, ಇನ್ನೊಂದು ಕೈ ಸ್ವಿಚ್ ಮೇಲೆ. ಗುಡಿಯಲ್ಲಿ ನಾನು ಮತ್ತು ಇಬ್ಬರು ಅಜ್ಜಿಯರು. ಮಷಿನ್ ಮಾತ್ರ ಊರೆಲ್ಲ ಕೇಳೋ ಹಾಗೆ ಬಾರಿಸ್ತಾ ಇತ್ತು. ಪೂಜೆ ಆದ ಮೇಲೆ ನನ್ನೊಳಗಿನ ಸಿಟ್ಟು ಹೊರಗೆ ಬಂತು. "ಐನೋರೇ, ಈ ಮಷಿನ್ ತಂದಿದ್ದರಿಂದ ತಾನೇ ಹುಡುಗರು ಬರೋದು ಬಿಟ್ಟಿದ್ದು?" ಅಂದೆ.

ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ತೀರ್ಥ ಕೊಡ್ತಾ, "ಅಲ್ಲಪ್ಪಾ, ನೀನು ಉಲ್ಟಾ ನೆನಪಿಟ್ಕೊಂಡಿದ್ದೀಯ. ಟ್ಯೂಷನ್ನು, ಟೀವಿ ಅಂತ ಒಬ್ಬೊಬ್ಬರೇ ಕಮ್ಮಿ ಆದ್ರಿ. ಎಷ್ಟೋ ಶನಿವಾರ ನಾನೇ ಒಂದು ಕೈಯಲ್ಲಿ ಆರತಿ, ಇನ್ನೊಂದು ಕೈಯಲ್ಲಿ ಗಂಟೆ ಹಿಡಿದಿದ್ದೀನಿ. ಅದಕ್ಕೇ ಊರವರು ಚಂದಾ ಎತ್ತಿ ಮಷಿನ್ ತಂದಿದ್ದು" ಅಂದ್ರು.

ನನಗೆ ಉತ್ತರ ಇರಲಿಲ್ಲ. ಇಷ್ಟು ವರ್ಷ ನಾನು ಆ ಮೋಟಾರಿನ ಮೇಲೆ ಹಾಕ್ತಿದ್ದ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಟ್ಯೂಷನ್ನಿಗೆ ಹೋದ ಮೊದಲ ನಾಲ್ಕು ಹುಡುಗರಲ್ಲಿ ನಾನೊಬ್ಬ.

ಜಾಗಟೆ ಎಲ್ಲಿ ಅಂತ ಕೇಳಿದೆ. ಅಟ್ಟದ ಮೇಲಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದೆ. ಈಗ ಬೆಂಗಳೂರಿಂದ ಊರಿಗೆ ಹೋದ ಶನಿವಾರಗಳಲ್ಲಿ ಐನೋರು ಸ್ವಿಚ್ ಹಾಕಲ್ಲ. ತಿಂಗಳಿಗೆ ಒಂದೋ ಎರಡೋ ಸಲ. ಪಕ್ಕದ ಬೀದಿಯ ಇಬ್ಬರು ಹುಡುಗಿಯರು, ಒಬ್ಬ ಹುಡುಗ ಬರ್ತಾರೆ. ಹುಡುಗನಿಗೆ ತಾಳ ಇನ್ನೂ ಸಿಕ್ಕಿಲ್ಲ, ಆರತಿ ಮುಗಿದ ಮೇಲೂ ಹೊಡೀತಾ ಇರ್ತಾನೆ. ನಾನು ಹೋಗದ ವಾರ ಅವರು ಬರಲ್ಲ, ಮಷಿನ್ನೇ ಬಾರಿಸುತ್ತೆ. ಅದನ್ನ ಹೇಗೆ ಸರಿ ಮಾಡೋದು ಅಂತ ಯೋಚಿಸ್ತಾ ಇದ್ದೀನಿ. ದೊಡ್ಡ ಹುಡುಗಿಗೆ ಜಾಗಟೆಯನ್ನೇ ಕೊಟ್ಟು ಬರೋಣ, ಅವಳೇ ಕ್ಯಾಪ್ಟನ್ ಆಗ್ಲಿ ಅಂತ ಐನೋರಿಗೆ ಹೇಳಿದ್ದೀನಿ. "ನೋಡೋಣ" ಅಂದಿದ್ದಾರೆ.

ಕ್ಯಾಪ್ಟನ್ ಕಳೆದ ವಾರ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ನೋಟ್ ಕಳಿಸಿದ್ರು. ಮಾತಿಲ್ಲ, ಬರೀ ಗಂಟೆ. ಆಫೀಸಿನ ಮೆಟ್ಟಿಲ ಮೇಲೆ ಕೂತು ಎಣಿಸಿದೆ. ಆರು.

ನಿಮ್ಮೂರಲ್ಲೂ ಗೂಟಕ್ಕೆ ನೇತುಹಾಕಿದ ಒಂದು ಹಗ್ಗ ಇರಬಹುದು. ಭಜನೆಮನೆಯ ಡೋಲು, ಊರಹಬ್ಬದ ತಮಟೆ, ಲೈಬ್ರರಿಯ ಬೀಗದ ಕೈ, ಏನಾದ್ರೂ ಆಗಿರಬಹುದು. ಇದ್ರೆ ನಮಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದೋಣ.